ಗಾಣ ಒಬ್ಬರದು, ಸರದಿ ಎಲ್ಲರದು

ಪಾಂಡವಪುರದಿಂದ ಕೆ.ಆರ್. ಪೇಟೆಯ ಕಡೆಗೆ ಹೋಗುವ ಬಸ್ಸಿನಲ್ಲಿ ಕಿಟಕಿ ತೆರೆದಿಟ್ಟು ಕೂತರೆ, ಎಲ್ಲಾದರೊಂದು ಕಡೆ ಬೆಲ್ಲದ ಪಾಕದ ವಾಸನೆ ಮೂಗಿಗೆ ಬಡಿಯದೆ ಇರುವುದಿಲ್ಲ. ಆಲೆಮನೆಗಳ ಸೀಮೆ ನಮ್ಮದು. ಕಬ್ಬು ಬೆಳೆದವರೆಲ್ಲ ಗಾಣ ಇಟ್ಟುಕೊಳ್ಳುವುದಿಲ್ಲ. ಇಟ್ಟುಕೊಳ್ಳಬೇಕಾಗಿಯೂ ಇಲ್ಲ. ಗಾಣ, ಕೊಪ್ಪರಿಗೆ, ಒಲೆಗೆ ಉರಿ ಹಾಕುವವನು, ಪಾಕದ ಹದ ಬಲ್ಲವನು, ಇಷ್ಟೂ ಒಂದು ಕಡೆ ಇರುತ್ತವೆ. ಬೆಳೆದವರು ಸರದಿ ಕೇಳಿಕೊಂಡು ಕಬ್ಬು ತರುತ್ತಾರೆ, ಬಾಡಿಗೆ ಕೊಡುತ್ತಾರೆ, ಬೆಲ್ಲ ಹೊತ್ತುಕೊಂಡು ಹೋಗುತ್ತಾರೆ. ಗಾಣ ಒಬ್ಬರದು, ಸರದಿ ಎಲ್ಲರದು. ಕಡಿದ ಕಬ್ಬು ಬಿಸಿಲಲ್ಲಿ ಒಣಗುತ್ತದೆ ಎಂಬುದು ಯಜಮಾನನಿಗೂ ಗೊತ್ತು. ಬೇಕಾದವರನ್ನು ಮುಂದೆ ಬಿಟ್ಟು ಬೇಡದವರನ್ನು ಕಾಯಿಸಿದರೆ ಮುಂದಿನ ವರ್ಷ ಅವನ ಆಲೆಮನೆಗೆ ಗಾಡಿ ಬರುವುದಿಲ್ಲ.

ಅಕ್ಷರ ಕಲಿಯದ ನಮ್ಮ ಹಿರಿಯರಿಗೆ ಅರ್ಥವಾಗಿದ್ದ ಈ ಸಣ್ಣ ಸಂಗತಿ ನಮ್ಮ ವಿಶ್ವವಿದ್ಯಾಲಯಗಳಿಗೆ ಇನ್ನೂ ಅರ್ಥವಾಗಿಲ್ಲವಲ್ಲ, ಅದೇ ನನ್ನ ತಕರಾರು.

ನಾನು ವಿಜ್ಞಾನಿಯಲ್ಲ. ಮೂವತ್ತು ವರ್ಷ ತಾಲ್ಲೂಕು ಊರುಗಳ ಕಾಲೇಜುಗಳಲ್ಲಿ ರಸಾಯನಶಾಸ್ತ್ರದ ಪಾಠ ಹೇಳಿ ನಿವೃತ್ತಳಾದವಳು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕಿನ ಹೆಣ್ಣುಮಕ್ಕಳು ಬಿ.ಎಸ್ಸಿ. ಮುಗಿಸಿ, ಎಂ.ಎಸ್ಸಿ. ಮುಗಿಸಿ, ಸಂಶೋಧನೆಯ ಬಾಗಿಲವರೆಗೂ ಹೋಗಿ ಅಲ್ಲಿಂದ ಹಿಂದಿರುಗಿ ಬಂದದ್ದನ್ನು ಕಣ್ಣಾರೆ ಕಂಡಿದ್ದೇನೆ. ಅವರನ್ನು ಹಿಂದಿರುಗಿಸಿದ್ದು ದಡ್ಡತನವಲ್ಲ. ಎಷ್ಟೋ ಸಲ ಅದು ಬೀಗ ಹಾಕಿದ ಒಂದು ಕೋಣೆ. ಒಳಗೆ ಬಟ್ಟೆ ಹೊದಿಸಿಟ್ಟ ಒಂದು ಯಂತ್ರ.

ಯಾವ ಯಂತ್ರ, ನಮಗೂ ಅದಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಕೇಳಲೇಬೇಕು.

ಮುದ್ದೆ ತಿರುವುವಾಗ ನೀರು ಕುದಿಯುವ ಮೊದಲೇ ಹಿಟ್ಟು ಸುರಿದರೆ ಏನಾಗುತ್ತದೆ ಎಂದು ನಮ್ಮ ಕಡೆಯ ಯಾವ ಹೆಂಗಸಿಗೂ ಯಾರೂ ಹೇಳಿಕೊಡಬೇಕಾಗಿಲ್ಲ. ರಾಗಿಯಲ್ಲಿರುವ ಪಿಷ್ಟದ ಕಣಗಳು ಸುಮಾರು 70 ಡಿಗ್ರಿಯ ಆಸುಪಾಸಿನಲ್ಲಿ ನೀರು ಹೀರಿ ಉಬ್ಬಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮೊಟ್ಟೆಯ ಲೋಳೆ ಬೆಂದು ಬೆಳ್ಳಗಾಗುವುದೂ ಅಂಥದೇ ಕತೆ. ಅದರೊಳಗಿನ ಪ್ರೋಟೀನು ಮಡಿಸಿಟ್ಟ ಸೀರೆಯ ಹಾಗೆ ಇರುತ್ತದೆ, ಬಿಸಿ ತಗುಲಿದಾಗ ಮಡಿಕೆ ಬಿಚ್ಚಿ ಗೋಜಲಾಗುತ್ತದೆ. ಜೀವವಿರುವ ವಸ್ತುಗಳನ್ನು ಹೀಗೆ ಬೆಳಕು, ಶಾಖ, ಕಾಂತಶಕ್ತಿಗಳಿಂದ ಅಳೆದು ನೋಡುವ ವಿದ್ಯೆಗೆ ಜೀವಭೌತಶಾಸ್ತ್ರ ಎಂದು ಹೆಸರು. ಎಷ್ಟು ಶಾಖಕ್ಕೆ ಮಡಿಕೆ ಬಿಚ್ಚಿತು ಎಂದು ಕೆಲವೇ ಮಿಲಿಗ್ರಾಂ ವಸ್ತುವಿನಲ್ಲಿ ಹೇಳಬಲ್ಲ ಕ್ಯಾಲೋರಿಮೀಟರ್ ಇದೆ. ಮಡಿಕೆ ಸುರುಳಿಯೋ ಹಾಳೆಯೋ ಎಂದು ತಿರುಗುವ ಬೆಳಕಿನಿಂದ ತಿಳಿಸುವ ಸಿ.ಡಿ. ಎಂಬ ಉಪಕರಣವಿದೆ. ಹರಳಿಗೆ ಎಕ್ಸ್-ರೇ ಹಾಯಿಸಿ ಅಣುಗಳು ಕೂತಿರುವ ಜಾಗ ಗುರುತಿಸುವ ಯಂತ್ರವಿದೆ. ಎನ್‌ಎಂಆರ್ ಎಂಬುದರ ಹೊಟ್ಟೆಯಲ್ಲಿರುವ ಅಯಸ್ಕಾಂತವನ್ನು ದ್ರವ ಹೀಲಿಯಂನಲ್ಲಿ ಸೊನ್ನೆಗಿಂತ 269 ಡಿಗ್ರಿ ಕೆಳಗೆ ತಣ್ಣಗಿಟ್ಟಿರಬೇಕು. ಹಬ್ಬವಿರಲಿ, ಮುಷ್ಕರವಿರಲಿ, ಅದಕ್ಕೆ ಹೀಲಿಯಂ ತಪ್ಪುವಂತಿಲ್ಲ. ಇವುಗಳ ಬೆಲೆ ಹಲವು ಲಕ್ಷಗಳಿಂದ ಹಿಡಿದು ಕೋಟಿಗಳವರೆಗೆ. ಒಂದೊಂದು ಕಾಲೇಜೂ ಒಂದೊಂದು ಕೊಳ್ಳುವುದು ಆಗದ ಮಾತು, ಆಗಬೇಕಾದ ಮಾತೂ ಅಲ್ಲ. ಅದಕ್ಕೇ ಇವಕ್ಕೆ ಬೇಕಾದದ್ದು ಆಲೆಮನೆಯ ಪದ್ಧತಿ.

ಇದರಿಂದ ಹೆಂಗಸರಿಗೇನು ಎಂದು ಇನ್ನೂ ಅನ್ನಿಸುತ್ತಿದ್ದರೆ ಮೂರು ಸಂಗತಿ ಹೇಳುತ್ತೇನೆ.

ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಫ್ರಿಜ್ಜಿನ ಬಾಗಿಲಲ್ಲಿ ಇನ್ಸುಲಿನ್ ಇರುತ್ತದೆ. ಆ ಇನ್ಸುಲಿನ್ ಅಣುವಿನ ಆಕಾರವನ್ನು ಎಕ್ಸ್-ರೇಯಿಂದ ಬಿಡಿಸಿ 1969ರಲ್ಲಿ ಜಗತ್ತಿಗೆ ತೋರಿಸಿದವಳು ಡೊರೊತಿ ಹಾಡ್ಜ್‌ಕಿನ್ ಎಂಬ ಹೆಣ್ಣುಮಗಳು. ಆ ತಂಡದಲ್ಲಿ ದುಡಿದ ಎಂ. ವಿಜಯನ್ ಆಮೇಲೆ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಬಂದು ಇಲ್ಲಿ ಆ ವಿದ್ಯೆ ಬೆಳೆಸಿದರು. ಅದೇ ಸಂಸ್ಥೆಯಲ್ಲಿ ಜಿ.ಎನ್. ರಾಮಚಂದ್ರನ್ 1971ರಲ್ಲಿ ಜೀವಭೌತಶಾಸ್ತ್ರಕ್ಕೆಂದೇ ಒಂದು ವಿಭಾಗ ಕಟ್ಟಿದರು. ಈ ವಿದ್ಯೆ ನಮಗೆ ಹೊರಗಿನದಲ್ಲ.

ಎರಡನೆಯದು ಹಾವು. ಕಬ್ಬಿನ ತೋಟದಲ್ಲಿ ರವದಿ ಸುಲಿಯುವವರು, ಗದ್ದೆಯಲ್ಲಿ ನಾಟಿ ಹಾಕುವವರು, ಮುಂಜಾನೆ ಕತ್ತಲಲ್ಲಿ ಬಯಲಿಗೆ ಹೋಗುವವರು ಯಾರು ಎಂದು ನಾನು ಬಿಡಿಸಿ ಹೇಳಬೇಕೆ? 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿತು. ನಮ್ಮ ಆಸ್ಪತ್ರೆಗಳಲ್ಲಿ ಕೊಡುವ ಔಷಧಿ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕರ ವಿಷಕ್ಕೆ. ಅದನ್ನು ತಯಾರಿಸಲು ವಿಷ ಬರುವುದು ಬಹುಮಟ್ಟಿಗೆ ತಮಿಳುನಾಡಿನ ಇರುಳರ ಸಹಕಾರ ಸಂಘದಿಂದ. ಒಂದೇ ಜಾತಿಯ ಹಾವಿನ ವಿಷ ಕೂಡ ಸೀಮೆಯಿಂದ ಸೀಮೆಗೆ ಬೇರೆಯಾಗುತ್ತದೆ ಎಂದು ವಿಜ್ಞಾನಿಗಳು ತೋರಿಸಿದ್ದಾರೆ. ಹಾಗಾದರೆ ನಮ್ಮ ಗದ್ದೆ ಬದುವಿನ ಕೊಳಕುಮಂಡಲದ ವಿಷ ಎಂಥದು? ವಿಷವೆಂದರೆ ಬಹುಪಾಲು ಪ್ರೋಟೀನು. ಅದರ ಗುಣ ತಿಳಿಯಲು ಬೇಕಾದದ್ದು ನಾನು ಮೇಲೆ ಹೇಳಿದ ಯಂತ್ರಗಳೇ. ಮೈಸೂರಿನ ಮಾನಸಗಂಗೋತ್ರಿಯ ಜೀವರಸಾಯನ ವಿಭಾಗದಲ್ಲಿ ದಶಕಗಳಿಂದ ಹಾವಿನ ವಿಷದ ಅಧ್ಯಯನ ನಡೆದಿದೆ. ಆ ಕೆಲಸಕ್ಕೆ ನಮ್ಮ ತಾಲ್ಲೂಕುಗಳ ಮಕ್ಕಳೂ ಕೈ ಹಾಕಬೇಡವೆ?

ಮೂರನೆಯದು ಕಬ್ಬು. ಮಂಡ್ಯದ ಮೈಷುಗರ್ 1933ರಲ್ಲಿ ಹುಟ್ಟಿತು. ಅಂದಿನಿಂದ ನಮ್ಮ ಮದುವೆ, ಮುಂಜಿ, ಮಕ್ಕಳ ಫೀಸು ಎಲ್ಲವೂ ಕಾರ್ಖಾನೆಯ ಬಿಲ್ಲಿಗೆ ಗಂಟು ಬಿದ್ದಿವೆ. ಕೇಂದ್ರ ಸರ್ಕಾರ ಕಬ್ಬಿಗೆ ದರ ಕಟ್ಟುವುದು ಶೇ. 10.25ರ ಸಕ್ಕರೆ ಇಳುವರಿಯ ಲೆಕ್ಕದಲ್ಲಿ. ಇಳುವರಿ ಹೆಚ್ಚಿದರೆ ದರ ಹೆಚ್ಚು, ಇಳಿದರೆ ಕಡಮೆ. ರಸದಲ್ಲಿ ಸಕ್ಕರೆ ಎಷ್ಟಿದೆ ಎಂದು ಹೇಳುವುದು ಪೋಲರಿಮೀಟರ್ ಎಂಬ ಪುಟ್ಟ ಉಪಕರಣ. ಸಕ್ಕರೆಯ ನೀರು ಬೆಳಕನ್ನು ಬಲಕ್ಕೆ ತಿರುಗಿಸುತ್ತದೆ. ಎಷ್ಟು ತಿರುಗಿಸಿತು ಎಂಬುದರಿಂದ ಸಕ್ಕರೆಯ ಲೆಕ್ಕ. ಬಿ.ಎಸ್ಸಿ. ಹುಡುಗಿಯೂ ಅರ್ಧ ಗಂಟೆಯಲ್ಲಿ ಮಾಡಬಹುದಾದ ಪ್ರಯೋಗ. ಆದರೆ ಆ ಉಪಕರಣ ಇರುವುದು ಕೊಳ್ಳುವವನ ಕೋಣೆಯಲ್ಲಿ. ಬೆಳೆದವನು ಹೊರಗೆ ಟ್ರಾಕ್ಟರಿನ ಪಕ್ಕ ನಿಂತಿರುತ್ತಾನೆ. ಯಾರೋ ಮೋಸ ಮಾಡುತ್ತಾರೆ ಎಂದು ನಾನು ಹೇಳುತ್ತಿಲ್ಲ. ಉಪಕರಣ ಯಾರ ಕೈಯಲ್ಲಿದೆಯೋ ಮಾತು ಅವರದಾಗುತ್ತದೆ, ಇಲ್ಲದವರು ನಂಬಬೇಕು ಇಲ್ಲವೆ ಗೊಣಗಬೇಕು. ಇಷ್ಟೇ ನಾನು ಹೇಳುವುದು.

ಹಾಗಾದರೆ ನಮ್ಮ ಸೀಮೆಯಲ್ಲಿ ಏನೂ ಇಲ್ಲವೆ? ಇದೆ. ಅದೇ ಹೊಟ್ಟೆ ಉರಿಯುವ ವಿಷಯ.

1970ರ ದಶಕದಿಂದಲೇ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ದೇಶದ ಅಲ್ಲಲ್ಲಿ ಹಂಚಿಕೊಂಡು ಬಳಸುವ ಉಪಕರಣ ಕೇಂದ್ರಗಳನ್ನು ಕಟ್ಟುತ್ತಾ ಬಂದಿದೆ. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್ ಮತ್ತು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಗಳಿಗೆ ಆ ಭಾಗ್ಯ ಬಂತು. ಮಾನಸಗಂಗೋತ್ರಿಯ ಭೌತಶಾಸ್ತ್ರ ವಿಭಾಗದಲ್ಲಿ 1990ರ ದಶಕದಲ್ಲಿ ಹರಳುಗಳನ್ನು ಎಕ್ಸ್-ರೇಯಿಂದ ನೋಡುವ ರಾಷ್ಟ್ರೀಯ ಸೌಲಭ್ಯವೊಂದು ಬಂತು. ಬೇರೆ ಬೇರೆ ಕಡೆಯ ರಸಾಯನಶಾಸ್ತ್ರಜ್ಞರು ಮಾಡಿದ ಹರಳುಗಳ ಒಳರಚನೆ ಅಲ್ಲಿ ಬಿಡಿಸಲ್ಪಟ್ಟಿತು. ಆಮೇಲೆ ಮೈಸೂರು ವಿಶ್ವವಿದ್ಯಾಲಯಕ್ಕೆ ಉತ್ಕೃಷ್ಟ ಸಂಸ್ಥೆ ಎಂಬ ಹೆಸರಿನಲ್ಲಿ 100 ಕೋಟಿ ರೂಪಾಯಿ ಅನುದಾನ ಮಂಜೂರಾಗಿ ವಿಜ್ಞಾನ ಭವನ ಎದ್ದಿತು. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ವೈದ್ಯಕೀಯ ಕಾಲೇಜೂ ಖಾಸಗಿ ವಿಶ್ವವಿದ್ಯಾಲಯವೂ ಇವೆ. 2020ರ ಜನವರಿಯಲ್ಲಿ ಬೆಂಗಳೂರಿನ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಐ-ಸ್ಟೆಮ್ ಎಂಬ ಜಾಲತಾಣವನ್ನು ಪ್ರಧಾನ ಮಂತ್ರಿಗಳು ಉದ್ಘಾಟಿಸಿದರು. ದೇಶದ ಯಾವ ಪ್ರಯೋಗಾಲಯದಲ್ಲಿ ಯಾವ ಯಂತ್ರವಿದೆ ಎಂದು ಅದರಲ್ಲಿ ಹುಡುಕಬಹುದು.

ಹೀಗೆ ಯಂತ್ರಗಳ ಪಟ್ಟಿ ಇದೆ. ಆದರೆ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಸರದಿ ಸಿಕ್ಕಿತು ಎಂದಲ್ಲ. ರೇಷನ್ ಕಾರ್ಡಿನಲ್ಲಿ ಹೆಸರಿದ್ದೂ ಅಂಗಡಿಯ ಮುಂದೆ ಬರಿಗೈಯಲ್ಲಿ ನಿಂತವರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು.

ನನ್ನ ತಂಗಿಯ ಮಗಳು ಕೆ.ಆರ್. ಪೇಟೆಯವಳು. ಹುರುಳಿಕಾಳಿನಲ್ಲಿ, ನಾವು ತಿಂದ ಆಹಾರ ಜೀರ್ಣವಾಗುವುದನ್ನು ತಡೆಯುವ ಒಂದು ಬಗೆಯ ಪ್ರೋಟೀನು ಇದೆ. ಸುಲಭಕ್ಕೆ ಬೇಯುವ ಜಾತಿಯದಲ್ಲ, ಬಲು ಗಟ್ಟಿ. ಅದು ಎಷ್ಟು ಶಾಖಕ್ಕೆ ಮಡಿಕೆ ಬಿಚ್ಚುತ್ತದೆ ಎಂಬುದು ಅವಳ ಸಂಶೋಧನೆಯ ವಿಷಯ. ಹುರುಳಿ ಬಸ್ಸಾರು ತಿನ್ನುವ ಜಿಲ್ಲೆಯಲ್ಲಿ ಇದಕ್ಕಿಂತ ಉಪಯೋಗದ ಪ್ರಶ್ನೆ ಯಾವುದಿದೆ? ಅವಳಿಗೆ ಬೇಕಿದ್ದದ್ದು ಸಿ.ಡಿ. ಯಂತ್ರದಲ್ಲಿ ಒಂದು ದಿನ. ಹೆಸರು ಬೇಡ, ಒಂದು ದೊಡ್ಡ ಸಂಸ್ಥೆ. ಕಾಗದ ಬರೆದು, ವಿಭಾಗದ ಮುಖ್ಯಸ್ಥರ ಸಹಿ ಹಾಕಿಸಿ, ಥರ್ಮೊಕೋಲ್ ಡಬ್ಬಿಯಲ್ಲಿ ಐಸು ತುಂಬಿಕೊಂಡು ಬೆಳಗಿನ ಬಸ್ಸಿಗೆ ಹೋದಳು. ಆಪರೇಟರು ರಜಾ. ಎರಡನೆಯ ಸಲ ಹೋದಾಗ ಸಾರಜನಕದ ಸಿಲಿಂಡರು ಖಾಲಿ. ಅದು ಹರಿಯದೆ ಆ ಯಂತ್ರದ ದೀಪ ಹಚ್ಚುವಂತಿಲ್ಲ. ಮೂರನೆಯ ಸಲ ಎಲ್ಲವೂ ಇತ್ತು, ಆದರೆ ಅಲ್ಲಿಯವರದೇ ಕೆಲಸ ಮೊದಲು. ಸಂಜೆ ನಾಲ್ಕೂವರೆಗೆ ಒಬ್ಬರು ಬಂದು, 'ನಾಳೆ ಬಾಮ್ಮ, ನೋಡೋಣ' ಎಂದರು. ನಾಳೆ ಬರಬೇಕಾದರೆ ರಾತ್ರಿ ಎಲ್ಲಿರಬೇಕು? ಡಬ್ಬಿಯಲ್ಲಿ ಐಸು ನೀರಾಗಿತ್ತು, ಎರಡು ತಿಂಗಳು ಕಷ್ಟಪಟ್ಟು ಬೇರ್ಪಡಿಸಿದ ಪ್ರೋಟೀನು ಕೆಟ್ಟಿತ್ತು.

'ದೊಡ್ಡಮ್ಮ, ಯಾರೂ ಆಗಲ್ಲ ಅನ್ನಲಿಲ್ಲ. ಯಾರೂ ಆಗುತ್ತೆ ಅನ್ನಲೂ ಇಲ್ಲ,' ಎಂದಳು.

ಈ ಒಂದು ಮಾತಿನಲ್ಲಿ ನಮ್ಮ ಹಂಚಿಕೆಯ ಪ್ರಯೋಗಾಲಯಗಳ ಇಡೀ ರೋಗ ಇದೆ ಎಂದು ನನಗೆ ತೋರುತ್ತದೆ. ಆಗಲ್ಲ ಎಂದಿದ್ದರೆ ಜಗಳವಾದರೂ ಆಡಬಹುದಿತ್ತು. 1933ರಲ್ಲಿ ಕಮಲಾ ಭಾಗವತ್, ಮುಂದೆ ಕಮಲಾ ಸೊಹೊನಿ ಎಂದು ಹೆಸರಾದವರು, ಟಾಟಾ ಇನ್‌ಸ್ಟಿಟ್ಯೂಟಿಗೆ ಅರ್ಜಿ ಹಾಕಿದಾಗ ಸಿ.ವಿ. ರಾಮನ್ ಅಂಥವರೇ ಹೆಣ್ಣೆಂಬ ಕಾರಣಕ್ಕೆ ಬೇಡವೆಂದರು. ಆಕೆ ಬಿಡಲಿಲ್ಲ. ಒಂದು ವರ್ಷ ಪರೀಕ್ಷಾರ್ಥವಾಗಿ ಎಂಬ ಷರತ್ತಿನ ಮೇಲೆ ಒಳಗೆ ಹೋದರು, ಕೆಲಸ ಮಾಡಿ ತೋರಿಸಿದರು, 1939ರಲ್ಲಿ ಕೇಂಬ್ರಿಜ್‌ನಿಂದ ಡಾಕ್ಟರೇಟ್ ಪಡೆದರು. ಎದುರಿಗೆ ಬಾಗಿಲು ಹಾಕಿದರೆ ತಟ್ಟಬಹುದು. ಈಗಿನ ಬಾಗಿಲು ಹಾಗಲ್ಲ, ತೆರೆದೇ ಇರುತ್ತದೆ. ಒಳಗೆ ಹೋದರೆ ಕುರ್ಚಿಯಲ್ಲಿ ಯಾರೂ ಇರುವುದಿಲ್ಲ.

ಈ ಮಾತು ಎತ್ತಿದಾಗ ಮೂರು ಬಗೆಯ ಉತ್ತರ ಬರುತ್ತದೆ. ಮೂರನ್ನೂ ಕೇಳಿ ಕೇಳಿ ಕಿವಿ ತೂತಾಗಿದೆ.

ಒಂದು, 'ಹಳ್ಳಿ ಕಡೆಯವರಿಗೆ ಇಂಥ ಯಂತ್ರ ಯಾಕೆ, ಬೇಕಾದವರು ಬೆಂಗಳೂರಿಗೆ ಹೋಗಲಿ.' ಗಂಡುಹುಡುಗ ಹೋಗುತ್ತಾನೆ. ಗೆಳೆಯನ ರೂಮಿನಲ್ಲಿ ಮಲಗುತ್ತಾನೆ, ರಾತ್ರಿ ಹನ್ನೊಂದಕ್ಕೆ ಯಂತ್ರ ಖಾಲಿಯಾದರೆ ಆಗಲೂ ಕೂರುತ್ತಾನೆ. ನಾಗಮಂಗಲದ ಹುಡುಗಿಯ ತಂದೆ ಕೊನೆಯ ಬಸ್ಸಿನ ಹೊತ್ತಿಗೆ ಸ್ಟ್ಯಾಂಡಿನಲ್ಲಿ ನಿಂತಿರುತ್ತಾನೆ. ಅವಳ ವಿಜ್ಞಾನ ಆ ಬಸ್ಸಿಗೆ ಮುಗಿಯಬೇಕು. ದೂರವೆಂದರೆ ಬರೀ ಕಿಲೋಮೀಟರ್ ಅಲ್ಲ. ಶ್ರೀರಂಗಪಟ್ಟಣಕ್ಕೂ ಪಾಂಡವಪುರಕ್ಕೂ ರೈಲಾದರೂ ಇದೆ, ಕೆ.ಆರ್. ಪೇಟೆ ಊರಿಗೂ ನಾಗಮಂಗಲ ಊರಿಗೂ ಅದೂ ಇಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಬಿಟ್ಟಿ. ಒಳ್ಳೆಯದೇ ಆಯಿತು. ಆದರೆ ಬಸ್ಸು ಬಿಟ್ಟಿ ಕೊಟ್ಟು, ಇಳಿದ ಕಡೆ ಬಾಗಿಲಲ್ಲಿ ಕಾಯಿಸಿದರೆ ಶಕ್ತಿ ಎಲ್ಲಿ ಬಂತು?

ಎರಡು, 'ದುಡ್ಡಿಲ್ಲ.' ದುಡ್ಡಿನ ಕಷ್ಟ ಸುಳ್ಳಲ್ಲ. 2022ರ ಜುಲೈನಲ್ಲಿ ಸಂಶೋಧನಾ ಸಂಸ್ಥೆಗಳು ಕೊಳ್ಳುವ ಉಪಕರಣಗಳ ಮೇಲಿದ್ದ ಜಿಎಸ್‌ಟಿ ರಿಯಾಯಿತಿ ತೆಗೆದುಹಾಕಿದರು. ಶೇ. 5 ಇದ್ದದ್ದು ಬಹುಪಾಲು ಯಂತ್ರಗಳಿಗೆ ಶೇ. 18 ಆಯಿತು. ಒಂದು ಕೋಟಿಯ ಯಂತ್ರಕ್ಕೆ 13 ಲಕ್ಷ ಹೆಚ್ಚು. ಒಂದು ಕೈಯಲ್ಲಿ ಅನುದಾನ ಕೊಟ್ಟು ಇನ್ನೊಂದು ಕೈಯಲ್ಲಿ ತೆಗೆದುಕೊಳ್ಳುವುದು ಎಂದರೆ ಇದೇ. ಆದರೆ ದುಡ್ಡಿಲ್ಲ ಎನ್ನುವವರೇ ಒಂದೇ ಯಂತ್ರವನ್ನು ಅಕ್ಕಪಕ್ಕದ ಎರಡು ವಿಭಾಗಗಳಿಗೆ ಎರಡು ಕೊಂಡದ್ದೂ ಉಂಟು. ಅತ್ತೆಯ ರುಬ್ಬುಗಲ್ಲು ಅತ್ತೆಗೆ, ಸೊಸೆಯದು ಸೊಸೆಗೆ! ಮನೆ ಒಡೆದವರ ಸಂಸಾರದ ಹಾಗೆ. ದುಡ್ಡು ಕಡಮೆ ಇರುವವರೇ ಹಂಚಿಕೊಂಡು ಬಳಸಬೇಕಾದವರು.

ಮೂರು, 'ಹೊರಗಿನವರು ಮುಟ್ಟಿದರೆ ಯಂತ್ರ ಕೆಡುತ್ತದೆ.' ಮುಟ್ಟಿದರೆ ಕೆಡುವುದಕ್ಕಿಂತ ಹೆಚ್ಚು ಯಂತ್ರಗಳು ಮುಟ್ಟದೆ ಕೆಟ್ಟಿವೆ. ಹೊಲಿಗೆ ಯಂತ್ರವನ್ನು ಎರಡು ವರ್ಷ ಮೂಲೆಗಿಟ್ಟು ಆಮೇಲೆ ತುಳಿದು ನೋಡಿದವರಿಗೆ ಇದು ಗೊತ್ತು. ಕಲಿಸಿ ಕೊಟ್ಟರೆ ಯಾರೂ ಕೆಡಿಸುವುದಿಲ್ಲ. ಕಲಿಸಲು ಮನಸ್ಸಿಲ್ಲದವರು ಹೇಳುವ ನೆಪ ಇದು.

ಹಾಗಾದರೆ ಬೇಕಾದದ್ದು ಏನು? ಮಂಡ್ಯಕ್ಕೂ ಶ್ರೀರಂಗಪಟ್ಟಣಕ್ಕೂ ನಡುವೆ, ಹೆದ್ದಾರಿಯಲ್ಲೇ, ತೂಬಿನಕೆರೆಯಲ್ಲಿ ಸ್ನಾತಕೋತ್ತರ ಕೇಂದ್ರ ಇದೆ. ನಾಲ್ಕೂ ತಾಲ್ಲೂಕಿನ ಹುಡುಗಿ ಬೆಳಿಗ್ಗೆ ಹೊರಟು ಸಂಜೆ ಮನೆ ಸೇರಬಹುದಾದ ಜಾಗ. ಅಲ್ಲೊಂದು ಹಂಚಿಕೆಯ ಪ್ರಯೋಗಾಲಯ ಆಗಲಿ. ಕೋಟಿಗಟ್ಟಲೆಯ ಎನ್‌ಎಂಆರ್‌ನಿಂದ ಶುರು ಮಾಡಬೇಕಾಗಿಲ್ಲ. ಒಂದು ಪೋಲರಿಮೀಟರ್, ಬಣ್ಣ ಮತ್ತು ಹೊಳಪು ಅಳೆಯುವ ಎರಡು ಸ್ಪೆಕ್ಟ್ರೋಮೀಟರ್, ಒಂದು ಕ್ಯಾಲೋರಿಮೀಟರ್, ಒಂದು ಸಿ.ಡಿ., ಮಾದರಿ ಇಡಲು ಒಳ್ಳೆಯ ಫ್ರೀಜರು. ದೊಡ್ಡ ಯಂತ್ರ ಬೇಕಾದಾಗ ಇಲ್ಲಿಂದಲೇ ಮೈಸೂರಿಗೋ ಬೆಂಗಳೂರಿಗೋ ಮಾದರಿ ಕಳಿಸಿ ಫಲಿತಾಂಶ ತರಿಸುವ ವ್ಯವಸ್ಥೆ.

ಆದರೆ ಯಂತ್ರಕ್ಕಿಂತ ಮೊದಲು ನಿಯಮ ಬರಲಿ. ಸರದಿ ಪುಸ್ತಕ ಎಲ್ಲರ ಕಣ್ಣಿಗೆ ಬೀಳುವಂತೆ ಇರಲಿ; ಯಾರು ಎಂದು ಬರೆಸಿದರು, ಯಾವ ದಿನ ಸಿಕ್ಕಿತು ಎಂದು ಅದರಲ್ಲಿ ಕಾಣಲಿ. ಪ್ರೊಫೆಸರರ ಮಾದರಿಯೂ ಅದೇ ಸಾಲಿನಲ್ಲಿ ನಿಲ್ಲಲಿ. ದೂರದಿಂದ ಬಂದವರ ಕೆಲಸ ಬೆಳಿಗ್ಗೆ, ಹಾಸ್ಟೆಲಿನಲ್ಲಿ ಇರುವವರದು ಸಂಜೆ. ಆಪರೇಟರು ಆರು ತಿಂಗಳ ಗುತ್ತಿಗೆಯವರಾಗದೆ ಕಾಯಂ ನೌಕರರಾಗಲಿ, ಒಬ್ಬರಲ್ಲ ಇಬ್ಬರಿರಲಿ. ಅವರಲ್ಲಿ ಒಬ್ಬಾಕೆ ಈ ತಾಲ್ಲೂಕುಗಳ ಎಂ.ಎಸ್ಸಿ. ಹುಡುಗಿಯೇ ಯಾಕಾಗಬಾರದು? ಐದು ವರ್ಷದ ದುರಸ್ತಿಯ ಹಣ, ಗ್ಯಾಸಿನ ಹಣ, ಜನರೇಟರಿನ ಡೀಸೆಲಿನ ಹಣ ಬ್ಯಾಂಕಿನಲ್ಲಿ ಇಟ್ಟ ಮೇಲೆ ಯಂತ್ರಕ್ಕೆ ಆರ್ಡರು ಹೋಗಲಿ. ಹಸು ಕೊಳ್ಳುವ ಮುಂಚೆ ಹುಲ್ಲಿನ ಲೆಕ್ಕ ಹಾಕುವುದಿಲ್ಲವೆ ನಾವು? ಫೀಸು ಗುಟ್ಟಿನಲ್ಲಿ ಇರದೆ ಬೋರ್ಡಿನಲ್ಲಿ ಬರೆದಿರಲಿ. ರೈತ ಸಂಘದವರು ಕಬ್ಬಿನ ರಸ ತಂದರೆ ಅದನ್ನೂ ಅಳೆದು ಚೀಟಿ ಕೊಡಲಿ. ಹೆಣ್ಣುಮಕ್ಕಳಿಗೆ ಬೀಗವಿರುವ ಒಂದು ಶೌಚಾಲಯ, ಕೂತು ಊಟ ಮಾಡಲು ಒಂದು ಕೋಣೆ ಕಟ್ಟಡದ ನಕ್ಷೆಯಲ್ಲೇ ಇರಲಿ; ಆಮೇಲೆ ನೋಡೋಣ ಎಂದರೆ ಅದು ಆಗುವುದಿಲ್ಲ ಎಂದೇ ಅರ್ಥ.

ಇನ್ನೊಂದು ಮಾತು. 2019ರಲ್ಲಿ ಮಂಡ್ಯದ ಸರ್ಕಾರಿ ಕಾಲೇಜನ್ನು ವಿಶ್ವವಿದ್ಯಾಲಯ ಮಾಡಿದರು. 2025ರ ಆರಂಭದಲ್ಲಿ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು ಸಚಿವ ಸಂಪುಟದ ಉಪಸಮಿತಿಯಲ್ಲಿ ಬಂದಾಗ ಮಂಡ್ಯದ ಹೆಸರೂ ಅದರಲ್ಲಿ ಕೇಳಿಬಂತು. ಬೋರ್ಡುಗಳು ಬರುತ್ತವೆ, ಹೋಗುತ್ತವೆ. ಪ್ರಯೋಗಾಲಯ ಯಾವ ಬೋರ್ಡಿನ ಕೆಳಗಿದ್ದರೂ ಸರದಿಯ ನಿಯಮ ಅಳಿಸದಂತೆ ಬರೆದಿರಬೇಕು. ಇಲ್ಲದಿದ್ದರೆ ಬೋರ್ಡು ಇಳಿಸುವ ದಿನ ಯಂತ್ರವೂ ಲಾರಿ ಹತ್ತುತ್ತದೆ.

ಇದೆಲ್ಲ ಕುಲಪತಿಗಳೂ ಮಂತ್ರಿಗಳೂ ಮಾಡುವ ಕೆಲಸ, ನಾವೇನು ಮಾಡಬಹುದು ಎನ್ನುತ್ತೀರೇನೋ. ನಮ್ಮ ಮಕ್ಕಳ ಕಾಲೇಜುಗಳಲ್ಲಿ ಪೋಷಕರ ಸಭೆ ಎಂಬುದೊಂದು ನಡೆಯುತ್ತದೆ. ಹಾಜರಾತಿ, ಮಾರ್ಕ್ಸು, ಮೊಬೈಲು, ಇಷ್ಟರಲ್ಲೇ ಅದು ಮುಗಿದುಹೋಗುತ್ತದೆ. ಹೊಸ ವಿಜ್ಞಾನ ಕಟ್ಟಡದ ಉದ್ಘಾಟನೆಗೆ ಕರೆಯೋಲೆಯೂ ಬರುತ್ತದೆ. ನಾವೂ ಒಳ್ಳೆಯ ಸೀರೆಯುಟ್ಟು ಹೋಗಿ ಕುರ್ಚಿಯಲ್ಲಿ ಕೂತು, ಟೇಪು ಕತ್ತರಿಸುವಾಗ ಚಪ್ಪಾಳೆ ತಟ್ಟಿ, ಕೇಸರಿಬಾತು ತಿಂದು ಬರುತ್ತೇವೆ. ಮುಂದಿನ ಸಲ ಚಪ್ಪಾಳೆಗೆ ಮೊದಲು ಯಾರಾದರೂ ಒಬ್ಬರು ಎದ್ದು ನಿಂತು ಒಂದೇ ಪ್ರಶ್ನೆ ಕೇಳಿ. ಯಂತ್ರದ ಬೆಲೆ ಎಷ್ಟು ಎಂದು ಕೇಳಬೇಡಿ. ಅದನ್ನು ಅವರೇ ಮೈಕಿನಲ್ಲಿ ಹೇಳುತ್ತಾರೆ. ಸರದಿ ಪುಸ್ತಕ ಎಲ್ಲಿದೆ, ತೋರಿಸಿ ಎಂದು ಕೇಳಿ.